ಎರಡು ಗೇರಿನ ಇಂಪಾಲಾಗೆ ಹೊಸ ಎಂಜಿನ್

ಎರಡೇ ಗೇರು. ರಿವರ್ಸ್ ಬಿಟ್ಟರೆ ಮುಂದಕ್ಕೆ ಹೋಗೋಕೆ ಇರೋದು ಬರೀ ಎರಡು. ಐದೂವರೆ ಮೀಟರ್ ಹತ್ತಿರ ಉದ್ದ, ಒಂದೂವರೆ ಟನ್‌ಗಿಂತ ಹೆಚ್ಚು ತೂಕ, ಎಂಟು ಸಿಲಿಂಡರ್ ಎಂಜಿನ್ ಇರುವ ಕಾರಿಗೆ ಎರಡೇ ಗೇರು ಅಂದ್ರೆ ನಂಬೋಕೆ ಕಷ್ಟ ಅಲ್ವಾ? ಆದ್ರೆ 1966ರ ಶೆವ್ರೊಲೆ ಇಂಪಾಲಾ ಕೊಂಡ ಲಕ್ಷಾಂತರ ಅಮೆರಿಕನ್ನರಿಗೆ ಅದು ಸರ್ವೇಸಾಮಾನ್ಯ ಸಂಗತಿಯಾಗಿತ್ತು. ಆ ಗೇರ್ ಬಾಕ್ಸಿನ ಹೆಸರು ಪವರ್‌ಗ್ಲೈಡ್. 1950ರಲ್ಲಿ ಬಂದು 1973ರವರೆಗೂ ಇದ್ದ ಆಟೋಮ್ಯಾಟಿಕ್ ಅದು. ಗಟ್ಟಿ, ಸರಳ, ಕೆಡೋದು ಕಡಿಮೆ. ಪೇಟೆಯೊಳಗೆ ಬೆಣ್ಣೆ ತರ ಹೋಗುತ್ತೆ. ಹೈವೇಗೆ ಹತ್ತಿಸಿದ್ರೆ ಮಾತ್ರ ಎಂಜಿನ್ ಅರಚೋಕೆ ಶುರು ಮಾಡುತ್ತೆ.

ಇಂಪಾಲಾ ಅಂದ್ರೆ ನಮ್ಮ ಅಪ್ಪನ ವಯಸ್ಸಿನವರಿಗೆ ಬೇರೆಯದೇ ಚಿತ್ರ. ಹಳೆ ಸಿನಿಮಾಗಳಲ್ಲಿ ಸಾಹುಕಾರ ಬಂದಿಳಿಯುವ ಉದ್ದನೆಯ ಕಾರು. ಇಲ್ಲಿ ಮಿಷಿಗನ್‌ನಲ್ಲಿ ಅದು ಸಾಹುಕಾರರ ಕಾರೇ ಅಲ್ಲ. ಫ್ಯಾಕ್ಟರಿ ಕೆಲಸಗಾರ, ಮೇಷ್ಟ್ರು, ಪೋಸ್ಟ್‌ಮನ್ ಎಲ್ಲರೂ ಕಂತಿನ ಮೇಲೆ ಕೊಂಡ ಮನೆ ಕಾರು. 1965ರ ಒಂದೇ ಮಾಡೆಲ್ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಪಾಲಾ ಮಾರಾಟವಾದವು. ನಮ್ಮಲ್ಲಿ ಮಾರುತಿ 800 ಹೇಗೋ, ಇವರಿಗೆ ಇದು ಹಾಗೆ. ಗಾತ್ರ ಮಾತ್ರ ಬೇರೆ.

ನಾನು ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಊರು ಮೂಡಿಗೆರೆ ಕಡೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿ ಇದ್ದಾರೆ. ಅವರು ಮೂವತ್ತು ವರ್ಷ ಕಾರು ಫ್ಯಾಕ್ಟರಿಯ ಅಸೆಂಬ್ಲಿ ಲೈನಿನಲ್ಲಿ ದುಡಿದವರು. ಇಲ್ಲಿ ಎಷ್ಟೇ ದೊಡ್ಡವರನ್ನಾದರೂ ಹೆಸರು ಹಿಡಿದು ಕರೀಬೇಕು. ನನಗೆ ಬಾಯಿ ಬರೋದಿಲ್ಲ. ಊರಲ್ಲಾಗಿದ್ರೆ ಅಜ್ಜ ಅಂತಿದ್ದೆ. ಇಲ್ಲಿ ಅವರು ಎಷ್ಟು ಬೈದರೂ ‘ಸರ್’ ಅಂತಲೇ ಉಳಿದುಬಿಟ್ಟಿದೆ. ಈ ಬರಹದಲ್ಲಿ ಯಜಮಾನರು ಅನ್ನೋಣ.

ಅವರ ಗ್ಯಾರೇಜಿನಲ್ಲಿ ಆರು ಚಳಿಗಾಲದಿಂದ ಹೊದಿಕೆ ಹೊದ್ದು ನಿಂತಿದ್ದದ್ದು 1966ರ ನಾಲ್ಕು ಬಾಗಿಲ ಇಂಪಾಲಾ. 1970ರಲ್ಲಿ, ಮದುವೆಯಾದ ವರ್ಷ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರಲ್ಲೇ ಹೊಸ ಜೋಡಿ ಮಿಷಿಗನ್ನಿನ ಉತ್ತರದ ತುದಿ ಕಾಪರ್ ಹಾರ್ಬರ್‌ಗೆ ಹೋಗಿದ್ದರು. ಇಲ್ಲಿಂದ ಹತ್ತಿರ ಹತ್ತಿರ 600 ಮೈಲಿ. ಬೆಂಗಳೂರಿಂದ ಮುಂಬೈಗೆ ಹೋದಷ್ಟು. ಇನ್ನೊಂದು ಸಲ ಅದೇ ಕಾರಲ್ಲಿ ಅಲ್ಲಿಗೆ ಹೋಗಿಬರಬೇಕು ಅನ್ನೋದು ಅವರ ಆಸೆ. ಕಣ್ಣಿನ ಡಾಕ್ಟರು “ಇನ್ನೆರಡು ಮೂರು ವರ್ಷ ದೂರದ ಡ್ರೈವಿಂಗ್ ಮಾಡಬಹುದು, ಆಮೇಲೆ ನೋಡೋಣ” ಅಂದಿದ್ದರು. ಅವರ ಹೆಂಡತಿಗೆ ಸೊಂಟದ ಆಪರೇಷನ್ ಆಗಿದೆ. ಆಕೆಯ ಷರತ್ತು ಎರಡೇ: “ಎಸಿ ಇರಬೇಕು. ಬ್ರೇಕ್ ಹಿಡಿದಾಗ ನಿಲ್ಲಬೇಕು.”

ಟೆಕ್ಸಾಸ್‌ನಲ್ಲಿರುವ ಮಗ ಬೇರೆ ಮಾತು ಹೇಳಿದ. ಹಾಗೇ ಮಾರಿಬಿಡಿ, ಎಂಜಿನ್ ಮುಟ್ಟಿದ್ರೆ ಬೆಲೆ ಬಿದ್ದುಹೋಗುತ್ತೆ ಅಂತ.

ಅವನು ಹೇಳಿದ್ದರಲ್ಲಿ ಅರ್ಥ ಇಲ್ಲದೆ ಇಲ್ಲ. ಹಳೆ ಕಾರಿನ ಸಂತೆಯಲ್ಲಿ ‘ಮ್ಯಾಚಿಂಗ್ ನಂಬರ್ಸ್’ ಅನ್ನೋದು ದೊಡ್ಡ ಮಾತು. ಎಂಜಿನ್ ಬ್ಲಾಕಿನ ಮೇಲೆ ಅಚ್ಚಾದ ಕೋಡ್, ಎರಕದ ದಿನಾಂಕ ಎಲ್ಲ ಆ ಕಾರಿಗೆ ತಾಳೆಯಾದರೆ ಕೊಳ್ಳುವವರು ಹೆಚ್ಚು ಕೊಡ್ತಾರೆ. ಆದ್ರೆ ಅದು ಮುಖ್ಯವಾಗಿ ಎರಡು ಬಾಗಿಲ ಕಾರಿಗೆ, ಕನ್ವರ್ಟಿಬಲ್‌ಗೆ, ದೊಡ್ಡ ಎಂಜಿನ್ನಿನ ಸೂಪರ್ ಸ್ಪೋರ್ಟ್ ಮಾಡೆಲ್‌ಗೆ. ಸಾಧಾರಣ 283 ಎಂಜಿನ್ನಿನ ನಾಲ್ಕು ಬಾಗಿಲ ಕಾರಿಗೆ ಆ ಲೆಕ್ಕ ಅಷ್ಟು ನಡೆಯೋದಿಲ್ಲ. ಅಂಥ ಕಾರು ಓಡಿಸೋದಕ್ಕೇ ಇರೋದು ಅಂತ ನನ್ನ ಅಭಿಪ್ರಾಯ.

ಮೊದಲು ಹಳೆ ಎಂಜಿನ್ ಹೇಗಿದೆ ನೋಡಬೇಕಲ್ಲ. ಸ್ಪಾರ್ಕ್ ಪ್ಲಗ್ ಒಂದೊಂದೇ ಬಿಚ್ಚಿ ಕಂಪ್ರೆಷನ್ ಗೇಜ್ ಹಾಕಿದೆವು. ಆರು ಸಿಲಿಂಡರ್ ಪರವಾಗಿಲ್ಲ, ಎರಡು ಮಾತ್ರ ತೀರಾ ಕೆಳಗೆ. ಅಂಥ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಗೇಜ್ ಹಾಕ್ತಾರೆ. ರೀಡಿಂಗ್ ಏರಿದ್ರೆ ಪಿಸ್ಟನ್ ರಿಂಗು ಸವೆದಿದೆ ಅಂತ, ಏರದಿದ್ರೆ ವಾಲ್ವು. ಇಲ್ಲಿ ಏರಲಿಲ್ಲ. ಆ ಕಾಲದ ಹೆಡ್‌ಗಳಲ್ಲಿ ವಾಲ್ವ್ ಸೀಟಿಗೆ ಬೇರೆ ಗಟ್ಟಿ ರಿಂಗ್ ಕೂರಿಸ್ತಿರಲಿಲ್ಲ, ಪೆಟ್ರೋಲಿನಲ್ಲಿದ್ದ ಸೀಸವೇ ಅದನ್ನು ಕಾಪಾಡ್ತಿತ್ತು. ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರಿಂದ ಪೂರ್ತಿ ನಿಷೇಧ. ಹಾಗಾಗಿ ಇಂಥ ಎಂಜಿನ್ ತುಂಬ ಹೊತ್ತು ಜೋರಾಗಿ ಓಡಿದರೆ ಸೀಟು ಸವೆಯೋದು ಹೊಸ ವಿಷಯ ಏನಲ್ಲ.

ಮುಂದಿದ್ದ ದಾರಿಗಳು ಮೂರು. ಹಳೆ 283ನ್ನೇ ಹೆಡ್ ಬಿಚ್ಚಿ ರಿಪೇರಿ ಮಾಡಿಸಿ, ಅದರ ಹಿಂದೆ ನಾಲ್ಕು ಗೇರಿನ ಆಟೋಮ್ಯಾಟಿಕ್ ಹಾಕೋದು ಒಂದು. ಪೂರ್ತಿ ಎಲೆಕ್ಟ್ರಿಕ್ ಮಾಡೋದು ಇನ್ನೊಂದು; ದುಡ್ಡು ಕೇಳಿದ ಮೇಲೆ ಅದನ್ನು ಅಲ್ಲಿಗೇ ಬಿಟ್ಟೆವು, ಜೊತೆಗೆ ಕಾಪರ್ ಹಾರ್ಬರ್ ಕಡೆಯ ಕಾಡು ದಾರಿಯಲ್ಲಿ ಚಾರ್ಜರ್ ಎಲ್ಲಿ ಹುಡುಕೋದು? ಮೂರನೆಯದು ಇಲ್ಲಿನ ಹುಡುಗರು ಕಣ್ಣು ಮುಚ್ಚಿ ಹೇಳುವ ಉತ್ತರ: ಎಲ್‌ಎಸ್ ಹಾಕಿ.

ಈ ಎಲ್‌ಎಸ್ ಅಂದ್ರೇನು ಅಂತ ಸ್ವಲ್ಪ ಹೇಳ್ತೀನಿ. ಶೆವ್ರೊಲೆಯ ‘ಸ್ಮಾಲ್ ಬ್ಲಾಕ್’ ವಿ8 ಬಂದದ್ದು 1955ರ ಮಾಡೆಲ್‌ಗೆ, ಆಗ ಅಲ್ಲಿ ಚೀಫ್ ಎಂಜಿನಿಯರ್ ಆಗಿದ್ದವರು ಎಡ್ ಕೋಲ್. 265 ಘನ ಇಂಚಿನಿಂದ ಶುರುವಾದ ಅದೇ ಮನೆತನದ್ದು ನಮ್ಮ ಯಜಮಾನರ 283, ಅಂದ್ರೆ 4.6 ಲೀಟರ್. ಮುಂದೆ 1997ರ ಕಾರ್ವೆಟ್‌ನಲ್ಲಿ ಎಲ್‌ಎಸ್1 ಅನ್ನುವ ಹೊಸ ಎಂಜಿನ್ ಬಂತು. ಒಳಗೆ ಎಲ್ಲ ಹೊಸದು. ಆದ್ರೂ ಕ್ಯಾಮ್ ಬ್ಲಾಕ್ ಒಳಗೇ, ಪುಶ್‌ರಾಡ್ ಹಾಗೇ. ಹೊರಗಿನ ಗಾತ್ರವೂ ಚಿಕ್ಕದೇ. ಓವರ್‌ಹೆಡ್ ಕ್ಯಾಮ್ ಎಂಜಿನ್ ಅಗಲವಾಗುತ್ತೆ, ಹಳೆ ಕಾರಿನ ಬಾನೆಟ್ ಕೆಳಗೆ ತುರುಕೋದು ಕಷ್ಟ. ಇದು ಆರಾಮಾಗಿ ಕೂತುಬಿಡುತ್ತೆ. ಗೇರ್ ಬಾಕ್ಸ್ ಜೋಡಿಸುವ ಬೋಲ್ಟುಗಳ ಜಾಗ ಕೂಡ ಹಳೆಯದಕ್ಕೆ ಬಹುತೇಕ ಹೊಂದುತ್ತೆ. ಅದಕ್ಕಿಂತ ಮುಖ್ಯವಾಗಿ, ಇದೇ ಕುಟುಂಬದ 5.3 ಲೀಟರ್ ಎಂಜಿನ್ನನ್ನು ಜಿಎಂ ತನ್ನ ಪಿಕಪ್ ಟ್ರಕ್‌ಗಳಿಗೆ ವರ್ಷಗಟ್ಟಲೆ ಹಾಕಿತು. ಹಾಗಾಗಿ ಗುಜರಿ ಅಂಗಡಿಗಳಲ್ಲಿ ಅದು ಬೇಕಾದಷ್ಟು ಸಿಗುತ್ತೆ, ಅಗ್ಗಕ್ಕೂ ಸಿಗುತ್ತೆ.

ಊರಿಗೆ ಫೋನ್ ಮಾಡಿದಾಗ ಅಪ್ಪ ನಕ್ಕರು. “ಅಲ್ಲ ಮಾರಾಯ, ನಿನ್ನ ಸೋದರಮಾವ ಜೀಪಿಗೆ ಮಾಡಿದ್ದೂ ಅದನ್ನೇ ಅಲ್ವನಾ?” ನಿಜ. ಮಲೆನಾಡಲ್ಲಿ ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸದ ಕಾಫಿ ತೋಟದ ಮನೆ ಹುಡುಕಿದ್ರೂ ಸಿಗ್ತಿರಲಿಲ್ಲ. ನಮ್ಮವರು ಮಾಡ್ತಿದ್ದದ್ದು ಪೆಟ್ರೋಲ್ ಖರ್ಚಿಗೆ ಹೆದರಿ, ಏರಿನಲ್ಲಿ ಎಳೆಯಲಿ ಅಂತ. ಇಲ್ಲಿಯವರದ್ದು ಹೆಚ್ಚಾಗಿ ಆಸೆಗೆ.

ಎಂಜಿನ್ ಆಯ್ಕೆಗಿಂತ ಮೊದಲು ಒಂದು ವಿಷಯಕ್ಕೆ ನಾನು ಹಟ ಹಿಡಿದೆ. ಬ್ರೇಕು. 1966ರ ಇಂಪಾಲಾಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಅರೆ. ಅಂದ್ರೆ ಎಲ್ಲೋ ಒಂದು ಕಡೆ ಪೈಪ್ ಒಡೆದು ಆಯಿಲ್ ಸೋರಿದರೆ ನಾಲ್ಕೂ ಬ್ರೇಕ್ ಒಟ್ಟಿಗೇ ಹೋಗುತ್ತೆ. ಮುಂದಿನವಕ್ಕೆ ಬೇರೆ, ಹಿಂದಿನವಕ್ಕೆ ಬೇರೆ ಅಂತ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಶೆವ್ರೊಲೆಗೆ ಬಂದದ್ದು 1967ರ ಮಾಡೆಲ್‌ನಿಂದ. ಒಂದೇ ವರ್ಷದ ಅಂತರ ನೋಡಿ! ನಮ್ಮಲ್ಲಿ ಎಷ್ಟೋ ಜನ ಮೊದಲು ಪವರ್ ಏರಿಸಿ, ಆಮೇಲೆ ದುಡ್ಡು ಉಳಿದ್ರೆ ಬ್ರೇಕ್ ನೋಡೋಣ ಅಂತಾರೆ. ಬೈಕಿಗೂ ಅಷ್ಟೇ. ಅದಕ್ಕಿಂತ ಪೆದ್ದುತನ ಇನ್ನೊಂದಿಲ್ಲ. ಎರಡು ಸರ್ಕ್ಯೂಟಿನ ಸಿಲಿಂಡರ್, ಮುಂದಕ್ಕೆ ಡಿಸ್ಕ್, ಹೊಸ ಪೈಪು, ಭುಜದ ಸೀಟ್ ಬೆಲ್ಟ್ — ಇಷ್ಟು ಆಗದೆ ಎಂಜಿನ್ ಮಾತೇ ಬೇಡ ಅಂದೆ. ಯಜಮಾನರ ಹೆಂಡತಿ ಅವತ್ತಿಂದ ನನ್ನ ಪಕ್ಷ.

ಆಮೇಲೆ ಲೆಕ್ಕ. ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದೇ.

ಯಜಮಾನರಿಗೆ ಹಿಂದಿನ ಆಕ್ಸಲ್ಲಿನ ಕ್ರೌನ್ ಪಿನಿಯನ್ ಕೂಡ ಬದಲಿಸಬೇಕು, 3.73 ಹಾಕಿದ್ರೆ ಕಾರು ಚಿಮ್ಮುತ್ತೆ ಅಂತ ಯಾರೋ ಹೇಳಿದ್ದರು. ಮೊದಲು ಈಗ ಏನಿದೆ ನೋಡೋಣ ಅಂತ ಕಾರಿನ ಹಿಂಭಾಗ ಜಾಕ್ ಮೇಲೆ ಎತ್ತಿದೆವು. ಒಂದು ಚಕ್ರ ಅಲ್ಲಾಡದಂತೆ ಹಿಡಿದು, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತೋ ಅದೇ ರೇಷಿಯೋ. ಶಾಫ್ಟಿಗೆ ಚಾಕ್‌ಪೀಸಿನಿಂದ ಗೆರೆ ಎಳೆದು ಎಣಿಸಿದಾಗ ಮೂರು ಸುತ್ತಿಗಿಂತ ಸ್ವಲ್ಪ ಹೆಚ್ಚು, ಮೂರೂ ಕಾಲು ದಾಟಿತು. ಹೌಸಿಂಗ್ ಕವರ್ ಬಿಚ್ಚಿ ಹಲ್ಲು ಎಣಿಸಿ ಖಚಿತ ಮಾಡಿಕೊಂಡೆವು: 3.36.

ಎಂಜಿನ್ ವೇಗದ ಸೂತ್ರ ಸುಲಭ. ಗಂಟೆಗೆ ಎಷ್ಟು ಮೈಲಿ ಅನ್ನೋದನ್ನ ಆಕ್ಸಲ್ ರೇಷಿಯೋದಿಂದ, ಗೇರ್ ರೇಷಿಯೋದಿಂದ, 336ರಿಂದ ಗುಣಿಸಿ, ಟೈರಿನ ಎತ್ತರವನ್ನು ಇಂಚಿನಲ್ಲಿ ತಗೊಂಡು ಭಾಗಿಸಿ. ಟೈರು 27 ಇಂಚು, ವೇಗ 70 ಮೈಲಿ. ಪವರ್‌ಗ್ಲೈಡಿನ ಎರಡನೇ ಗೇರು ನೇರ 1.00. ಬರೋದು ಸುಮಾರು 2,930 ಆರ್‌ಪಿಎಂ. ಟ್ರಕ್ ಎಂಜಿನ್ನಿನ ಜೊತೆಗೇ ಬರುವ 4ಎಲ್60ಇ ಗೇರ್ ಬಾಕ್ಸಿನಲ್ಲಿ ನಾಲ್ಕು ಗೇರು: 3.06, 1.63, 1.00, 0.70. ಅದರ ನಾಲ್ಕನೇ ಗೇರಿನಲ್ಲಿ ಅದೇ ವೇಗಕ್ಕೆ 2,050. ಒಂಬತ್ತು ಗಂಟೆ ಪ್ರಯಾಣಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸುತ್ತು ಉಳಿಯಿತು!

ಇನ್ನು ನಿಂತಲ್ಲಿಂದ ಎಳೆಯುವ ಮಾತು. ಪವರ್‌ಗ್ಲೈಡಿನ ಮೊದಲ ಗೇರು 1.82. ಅದನ್ನು 3.36ರಿಂದ ಗುಣಿಸಿದರೆ ಆರು ಪಟ್ಟು ಚಿಲ್ಲರೆ. ಹೊಸದರಲ್ಲಿ 3.06 ಗುಣಿಸು 3.36, ಹತ್ತು ದಾಟುತ್ತೆ. ಹಿಂದಿನ ಆಕ್ಸಲ್ ಮುಟ್ಟದೇನೇ ಚಕ್ರಕ್ಕೆ ಸಿಗುವ ಎಳೆತ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. 3.73 ಹಾಕಿದ್ರೆ ಹೈವೇಯಲ್ಲಿ ಮತ್ತೆ 2,270ಕ್ಕೆ ಏರುತ್ತೆ. ಕಾಗದದ ಮೇಲೆ ತೋರಿಸಿದೆ. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ಹಾಗಾದ್ರೆ ಸಾವಿರ ಡಾಲರ್ ಉಳೀತು ಅನ್ನು” ಅಂದರು.

ಎಂಜಿನ್ ತಂದದ್ದು ಒಂದು ಗುಜರಿ ಅಂಗಡಿಯಿಂದ. 2002ರ ಪಿಕಪ್ ಟ್ರಕ್ಕಿನದ್ದು, ಕಂಪನಿ ಲೆಕ್ಕದಲ್ಲಿ 285 ಅಶ್ವಶಕ್ತಿ. ಹಳೆ 283ಕ್ಕೆ 195 ಅಂತ ಆಗಿನ ಜಾಹೀರಾತು ಹೇಳುತ್ತೆ. ಆದ್ರೆ ಈ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಅಳೆಯೋಕಾಗಲ್ಲ. 1972ರ ಹೊತ್ತಿಗೆ ಅಮೆರಿಕದ ಕಂಪನಿಗಳು ಅಳತೆಯ ಕ್ರಮವನ್ನೇ ಬದಲಿಸಿದವು. ಅದಕ್ಕೆ ಮುಂಚೆ ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಹೊರೆ ಇಲ್ಲದೆ ಬೆಂಚಿನ ಮೇಲಿಟ್ಟು ಅಳೆದ ‘ಗ್ರಾಸ್’ ಲೆಕ್ಕ. ಆಮೇಲಿನದು ಎಲ್ಲ ಜೋಡಿಸಿ ಅಳೆದ ‘ನೆಟ್’. ನಮ್ಮ ಸಿಟಿಸಿಗೂ ಕೈಗೆ ಬರುವ ಸಂಬಳಕ್ಕೂ ಇರುವಷ್ಟೇ ವ್ಯತ್ಯಾಸ ಅಂದುಕೊಳ್ಳಿ.

ಅಂಗಡಿಯವನು 90 ಸಾವಿರ ಮೈಲಿ ಓಡಿದೆ ಅಂದಿದ್ದ. ಅದರ ಜೊತೆ ಬಂದ ಕಾಗದದಲ್ಲಿ 1 ಲಕ್ಷ 60 ಸಾವಿರ ಅಂತ ಇತ್ತು. ಜಗಳಕ್ಕೆ ಹೋದರೆ ಎರಡು ವಾರ ಹೋಗುತ್ತೆ ಅಂತ ಯಜಮಾನರು ಆಯಿಲ್ ಪ್ಯಾನ್ ಬಿಚ್ಚಿ ಬೇರಿಂಗ್ ನೋಡಿ, “ಚೆನ್ನಾಗಿದೆ, ಬಿಡು” ಅಂದರು. ಈ ಎಂಜಿನ್‌ಗಳಿಗೆ ಅದು ದೊಡ್ಡ ವಯಸ್ಸಲ್ಲ.

ಹಳೆ ಎಂಜಿನ್ ಇಳಿಸಿದ್ದು ಒಂದು ಶನಿವಾರ. ಮಗನ ಜೊತೆ ಆದ ಒಪ್ಪಂದ ಇದು: ಕಾರಿನ ಬಾಡಿಗೆ, ಚಾಸಿಗೆ ಗ್ಯಾಸ್ ಕಟರ್ ತಾಗಿಸೋಹಾಗಿಲ್ಲ. ಏನು ಮಾಡಿದರೂ ಬೋಲ್ಟ್ ಬಿಚ್ಚಿ ಮತ್ತೆ ಹಳೆಯದಕ್ಕೆ ಬರುವಂತಿರಬೇಕು. ಕೋಡ್ ಬರೆಯೋರಿಗೆ ಇದು ಬೇಗ ಅರ್ಥವಾಗುತ್ತೆ, ರೋಲ್‌ಬ್ಯಾಕ್ ಇಲ್ಲದೆ ನಾವು ಯಾವುದನ್ನೂ ಪ್ರೊಡಕ್ಷನ್‌ಗೆ ಬಿಡೋಲ್ಲ. 283ರ ಸಿಲಿಂಡರುಗಳಿಗೆ ಆಯಿಲ್ ಬಿಟ್ಟು, ಬಾಯಿಗಳೆಲ್ಲ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ ಸ್ಟ್ಯಾಂಡಿನ ಮೇಲೆ ಗ್ಯಾರೇಜಿನ ಮೂಲೆಗೆ ನಿಲ್ಲಿಸಿದೆವು. ಪವರ್‌ಗ್ಲೈಡ್ ಅದರ ಪಕ್ಕ. ಎರಡಕ್ಕೂ ಚೀಟಿ ಅಂಟಿಸಿದ್ದಾರೆ, ಬೋಲ್ಟುಗಳು ಕಾಫಿ ಡಬ್ಬದಲ್ಲಿ.

ಹೊಸದನ್ನು ಕೂರಿಸೋದು ಯೂಟ್ಯೂಬಿನಲ್ಲಿ ಹತ್ತು ನಿಮಿಷದ ಕೆಲಸ. ನಮಗೆ ನಾಲ್ಕು ತಿಂಗಳ ವಾರಾಂತ್ಯಗಳು ಹಿಡಿದವು. ಎಂಜಿನ್ ಮೌಂಟಿಗೆ ಅಡಾಪ್ಟರ್ ಪ್ಲೇಟ್ ರೆಡಿಮೇಡ್ ಸಿಗುತ್ತೆ. ಟ್ರಕ್ಕಿನ ಆಯಿಲ್ ಪ್ಯಾನ್ ಆಳ ಜಾಸ್ತಿ, ಕಾರಿನ ಕ್ರಾಸ್ ಮೆಂಬರಿಗೆ ತಾಗುತ್ತೆ. ಬೇರೆ ಗಿಡ್ಡ ಪ್ಯಾನ್ ತರಿಸಬೇಕಾಯಿತು. ಗೇರ್ ಬಾಕ್ಸ್ ಹಳೆಯದಕ್ಕಿಂತ ಮೂರು ಇಂಚಿನಷ್ಟು ಉದ್ದ. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗಬೇಕು. ಹಳೆಯದನ್ನು ಕತ್ತರಿಸೋ ಹಾಗಿಲ್ಲವಲ್ಲ, ಹೊಸದೇ ಮಾಡಿಸಿದೆವು. ಎರಡು ತುದಿಯ ಕ್ರಾಸ್‌ಗಳ ಕೋನ ಸಮ ಇರಬೇಕು, ಗೇರ್ ಬಾಕ್ಸಿನ ಶಾಫ್ಟು ಮತ್ತು ಹಿಂದಿನ ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಇಲ್ಲಾಂದ್ರೆ ವೇಗ ಏರಿದಂತೆ ಸೀಟಿನ ಕೆಳಗೆ ಗುಂಯ್ ಅನ್ನೋ ನಡುಕ ಶುರುವಾಗುತ್ತೆ. ಫೋನಿನ ಆ್ಯಪ್‌ನಲ್ಲೇ ಕೋನ ಅಳೆದೆವು.

ಪೆಟ್ರೋಲ್ ಲೈನ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಕಾರ್ಬ್ಯುರೇಟರಿಗೆ 5ರಿಂದ 7 ಪಿಎಸ್‌ಐ ಒತ್ತಡ ಸಾಕು. ಈ ಎಂಜಿನ್ನಿನ ಇಂಜೆಕ್ಟರಿಗೆ ಬೇಕಾದದ್ದು 58. ಹಳೆ ರಬ್ಬರ್ ಪೈಪಿಗೆ ಕ್ಲಾಂಪ್ ಬಿಗಿದು ಅಷ್ಟು ಒತ್ತಡ ಕೊಟ್ಟರೆ ಅದು ಬಾಂಬು. ಟ್ಯಾಂಕಿನ ಒಳಗೇ ಪಂಪು, ಹೋಗೋಕೆ ಒಂದು ಲೈನ್, ಉಳಿದದ್ದು ವಾಪಸ್ ಬರೋಕೆ ಒಂದು, ಎಲ್ಲ ಫ್ಯುಯೆಲ್ ಇಂಜೆಕ್ಷನ್‌ಗೇ ಮಾಡಿದ ಪೈಪು. ಇಲ್ಲಿ ಒಂದು ರೂಪಾಯಿ ಉಳಿಸೋಕೆ ಹೋಗಬೇಡಿ. ಹಾಗೇ ಹೆಡ್‌ಗಳ ಮೇಲಿಂದ ಹಬೆ ಹೊರಗೆ ಬಿಡುವ ಒಂದು ಸಣ್ಣ ಟ್ಯೂಬ್ ಇದೆ, ಅದು ರೇಡಿಯೇಟರಿನ ಮೇಲ್ಭಾಗಕ್ಕೆ ಸೇರಬೇಕು. ಹಳೆ ಎಂಜಿನ್ನಿಗೆ ಇಲ್ಲದ್ದು ಅಂತ ಇದನ್ನು ಮುಚ್ಚಿಬಿಡೋರಿದ್ದಾರೆ. ಗಾಳಿ ಸಿಕ್ಕಿಕೊಂಡು ಹೆಡ್ ಕಾಯುತ್ತೆ.

ವೈರಿಂಗ್ ನನ್ನ ಪಾಲಿಗೆ ಬಂತು. ಟ್ರಕ್ಕಿನಿಂದ ಬಿಚ್ಚಿ ತಂದ ವೈರಿನ ಗಂಟು ನೋಡಿದ್ರೆ ಜೇನುಗೂಡಿನ ತರ. ಅದರಲ್ಲಿ ಟ್ರಕ್ಕಿಗೆ ಮಾತ್ರ ಬೇಕಾದದ್ದನ್ನೆಲ್ಲ ತೆಗೆದು, ಎಂಜಿನ್ ಓಡೋಕೆ ಬೇಕಾದದ್ದನ್ನು ಉಳಿಸಬೇಕು. ಊಟದ ಟೇಬಲ್ ಮೇಲೆ ಹರಡಿಕೊಂಡು, ಲ್ಯಾಪ್‌ಟಾಪಲ್ಲಿ ಪ್ರತಿ ಪಿನ್ನಿಗೂ ಸ್ಪ್ರೆಡ್‌ಶೀಟ್ ಮಾಡಿ, ಮೂರು ವಾರ. ನನ್ನ ಹೆಂಡತಿ ಆ ಮೂರು ವಾರ ಸೋಫಾದಲ್ಲೇ ಊಟ ಮಾಡಿದಳು. ಅವಳ ತಾಳ್ಮೆಗೆ ಇಲ್ಲಿ ಒಂದು ಸಾಲು ಮೀಸಲು.

ಕೊನೆಗೆ ಕೀ ತಿರುಗಿಸಿದಾಗ ಎಂಜಿನ್ ಹತ್ತಿಕೊಂಡು ಎರಡೇ ಸೆಕೆಂಡಿಗೆ ಆರಿಹೋಗುತ್ತಿತ್ತು. ಇದು ನಿರೀಕ್ಷಿತ. ಎಂಜಿನ್ನಿನ ಕಂಪ್ಯೂಟರಿಗೆ ತಾನಿನ್ನೂ ಟ್ರಕ್ಕಿನಲ್ಲೇ ಇದೀನಿ ಅನ್ನೋ ಭಾವನೆ. ಕಳ್ಳತನ ತಡೆಯುವ ಮಾಡ್ಯೂಲಿನಿಂದ ಬರಬೇಕಾದ ಸಿಗ್ನಲ್ ಬರಲಿಲ್ಲ ಅಂತ ಇಂಜೆಕ್ಟರ್ ನಿಲ್ಲಿಸಿಬಿಡುತ್ತೆ. ಟ್ಯೂನಿಂಗ್ ಸಾಫ್ಟ್‌ವೇರಿನಿಂದ ಆ ಒಂದು ಫ್ಲ್ಯಾಗ್ ಆಫ್ ಮಾಡಿದರೆ ಮುಗೀತು. ಟೈರಿನ ಎತ್ತರ, ಆಕ್ಸಲ್ ರೇಷಿಯೋ ಕೂಡ ಅಲ್ಲೇ ಬರೆದು ಕೊಟ್ಟರೆ ಗೇರ್ ಯಾವಾಗ ಬದಲಿಸಬೇಕು ಅಂತ ಅದಕ್ಕೆ ತಿಳಿಯುತ್ತೆ.

ಒಳಗಿರೋದು ಟೇಬಲ್‌ಗಳು. ಇಷ್ಟು ಆರ್‌ಪಿಎಂ, ಇಷ್ಟು ಗಾಳಿಯ ಒತ್ತಡ ಇದ್ದಾಗ ಸಿಲಿಂಡರಿಗೆ ಎಷ್ಟು ಗಾಳಿ ಹೋಗುತ್ತೆ ಅನ್ನೋದರ ಪಟ್ಟಿ. ಅದನ್ನು ನೋಡಿ ಪೆಟ್ರೋಲ್ ಬಿಡುತ್ತೆ. ಸೈಲೆನ್ಸರ್ ಪೈಪಿನ ಎರಡೂ ಕಡೆ ಇರುವ ಆಕ್ಸಿಜನ್ ಸೆನ್ಸರ್ “ಸಾಲದು” ಅಥವಾ “ಜಾಸ್ತಿ ಆಯ್ತು” ಅಂತ ವರದಿ ಕೊಡುತ್ತೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಶೇಕಡಾವಾರು ತಿದ್ದಿಕೊಳ್ಳುತ್ತೆ. ಈ ತಿದ್ದುಪಡಿ ಆಚೀಚೆ 5ರೊಳಗೆ ಇದ್ದರೆ ಕ್ಷೇಮ.

ಲಾಗ್ ತೆಗೆದು ನೋಡಿದರೆ ಬಲಗಡೆಯ ನಾಲ್ಕು ಸಿಲಿಂಡರ್ ಸರಿ. ಎಡಗಡೆಯವಕ್ಕೆ ಮಾತ್ರ ಶೇಕಡಾ 18 ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. ಟೇಬಲ್ ತಿದ್ದು ಅಂತ ಗೆಳೆಯನೊಬ್ಬ ಹೇಳಿದ. ಆದ್ರೆ ಟೇಬಲ್ ಎರಡೂ ಕಡೆಗೂ ಒಂದೇ. ತಪ್ಪು ಟೇಬಲ್ಲಿನದ್ದಾಗಿದ್ರೆ ಎರಡೂ ಕಡೆ ಕಾಣಬೇಕಿತ್ತು. ಒಂದೇ ಕಡೆ ಕಾಣುತ್ತೆ ಅಂದ್ರೆ ಅದು ಕೋಡಿನ ದೋಷ ಅಲ್ಲ, ಕಬ್ಬಿಣದ್ದು. ಹಾಗಂತ ಯಜಮಾನರಿಗೆ ಹೇಳಿದೆ. ಅವರು ಒಂದು ಮೊಳ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ನಿನ ಸುತ್ತ ಆಡಿಸುತ್ತ ಹೋದರು. ಎಡಗಡೆ ಹಿಂದಿನ ತುದಿಗೆ ಬಂದಾಗ ನಿಂತರು. “ಟಿಕ್ ಟಿಕ್ ಅಂತಿದೆ. ಬಾ, ಕೇಳು.” ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೊನೆಯ ಬೋಲ್ಟ್ ಮುರಿದಿತ್ತು. ಈ ಟ್ರಕ್ ಎಂಜಿನ್ನುಗಳ ಹಳೆ ಕಾಯಿಲೆ ಇದು. ಆ ಸಂದಿಯಿಂದ ಹೊರಗಿನ ಗಾಳಿ ಸೇರಿಕೊಂಡು, ಸೆನ್ಸರಿಗೆ ಆಕ್ಸಿಜನ್ ಜಾಸ್ತಿ ಕಾಣಿಸಿ, ಅದು ಪೆಟ್ರೋಲ್ ಸಾಲದು ಅಂತ ಸುಳ್ಳು ವರದಿ ಕೊಡ್ತಾ ಇತ್ತು. ಬೋಲ್ಟ್ ಬದಲಿಸಿದ ಮೇಲೆ 18 ಇದ್ದದ್ದು 3ಕ್ಕೆ ಇಳಿಯಿತು. ಲ್ಯಾಪ್‌ಟಾಪಿಗೂ ರಬ್ಬರ್ ಪೈಪಿಗೂ ಅವತ್ತು ಸಮ ಅಂಕ.

ಶಬ್ದದ ಬಗ್ಗೆ ಅವರ ತಕರಾರು ಮಾತ್ರ ಉಳಿದೇ ಇದೆ. “ಇದು ಶೆವಿ ತರ ಕೇಳಿಸುತ್ತೆ, ಆದ್ರೆ ನನ್ನ ಶೆವಿ ತರ ಅಲ್ಲ.” ಅವರ ಕಿವಿ ಸುಳ್ಳು ಹೇಳಲ್ಲ. ಹಳೆ ಸ್ಮಾಲ್ ಬ್ಲಾಕಿನ ಸಿಲಿಂಡರುಗಳು ಉರಿಯುವ ಕ್ರಮ 1-8-4-3-6-5-7-2. ಎಲ್‌ಎಸ್‌ನಲ್ಲಿ 1-8-7-2-6-5-4-3. ನಾಲ್ಕು ಮತ್ತು ಏಳು ಜಾಗ ಬದಲಾಯಿಸಿಕೊಂಡಿವೆ, ಎರಡು ಮತ್ತು ಮೂರೂ ಹಾಗೇ. ಮೂವತ್ತು ವರ್ಷ ಲೈನಿನಲ್ಲಿ ನಿಂತವರಿಗೆ ಅದು ಗೊತ್ತಾಗುತ್ತೆ, ನನಗೆ ಗೊತ್ತಾಗಲ್ಲ.

ಖರ್ಚು ಕೇಳುವವರಿಗೆ: ಬ್ರೇಕು, ಎಸಿ, ಟ್ಯಾಂಕು, ರೇಡಿಯೇಟರ್ ಎಲ್ಲ ಸೇರಿ 12 ಸಾವಿರ ಡಾಲರ್ ದಾಟಿತು. ಅದರಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸಿನದ್ದು ಎರಡು ಸಾವಿರವೂ ಇಲ್ಲ. ಉಳಿದದ್ದೆಲ್ಲ ‘ಸಣ್ಣಪುಟ್ಟ’ ಸಾಮಾನು! ಕೂಲಿ ಲೆಕ್ಕ ಹಿಡಿದಿಲ್ಲ. ನನ್ನ ಕೂಲಿ ಆಕೆ ಮಾಡುತ್ತಿದ್ದ ಆಪಲ್ ಪೈ.

ಇದನ್ನು ಓದಿ ಊರಲ್ಲಿ ಅಜ್ಜನ ಅಂಬಾಸಿಡರ್‌ಗೋ ಜೀಪಿಗೋ ಕೈ ಹಾಕೋಣ ಅನ್ನಿಸಿದವರಿಗೆ ಕಾನೂನಿನ ಮಾತು ಎರಡು. ಮಿಷಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲ. ತಪಾಸಣೆಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲೂ 1975 ಮತ್ತು ಅದಕ್ಕಿಂತ ಹಳೆ ಕಾರುಗಳಿಗೆ ವಿನಾಯಿತಿ. ನಮ್ಮಲ್ಲಿ ಹಾಗಲ್ಲ. ಎಂಜಿನ್ ಬದಲಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಬರುತ್ತೆ. ಆರ್‌ಟಿಒ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಬೇಕು. ಮಾವನ ಕಾಲದಲ್ಲಿ ಗ್ಯಾರೇಜಿನವನೇ ಎಲ್ಲ ನೋಡಿಕೊಳ್ತಿದ್ದ, ಈಗ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ನಂಬರ್ ತಾಳೆಯಾಗದಿದ್ರೆ ಕಷ್ಟ. ಇನ್ನೊಂದು, 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ‘ವಿಎ’ ಅಕ್ಷರದ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಎಂಜಿನ್ ಬದಲಿಸಿದರೆ ಆ ದಾರಿ ಮುಚ್ಚುತ್ತೆ. ಆದ್ದರಿಂದ ಅಜ್ಜನ ಗಾಡಿ ಚಾಲೂ ಸ್ಥಿತಿಯಲ್ಲಿದ್ದರೆ ನಾನಾದ್ರೆ ಮುಟ್ಟಲ್ಲ.

ಆಗಸ್ಟಿನ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತೆ. 1995ರಿಂದ ಶುರುವಾದ, ಹಳೆ ಕಾರುಗಳ ತೇರು ಅನ್ನಬಹುದಾದ ಜಾತ್ರೆ. ಎಲ್ಲರೂ ಅಲ್ಲಿಗೆ ಹೋಗ್ತಾರೆ ಅಂದುಕೊಂಡಿದ್ದೆ. ಯಜಮಾನರು ಹೋಗಲಿಲ್ಲ. “ಅಲ್ಲಿ ಗಂಟೆಗೆ ಹತ್ತು ಮೈಲಿ ಹೋಗೋಕೆ ಪವರ್‌ಗ್ಲೈಡೇ ಸಾಕಿತ್ತು” ಅಂದರು.

ಅವರು ಹೊರಟದ್ದು ಸೆಪ್ಟೆಂಬರ್ ಕೊನೆಗೆ, ಎಲೆ ಬಣ್ಣ ಬದಲಿಸುವ ಹೊತ್ತಿಗೆ. ಉತ್ತರಕ್ಕೆ ಹೋಗಿ, 1957ರಲ್ಲಿ ಕಟ್ಟಿದ ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆ ದಾಟಿ, ಎರಡು ದಿನ ಮಾಡಿಕೊಂಡು ಕಾಪರ್ ಹಾರ್ಬರ್. ಅಮೆರಿಕದ 41ನೇ ನಂಬರಿನ ಹೆದ್ದಾರಿ ಅಲ್ಲೇ ಕೊನೆಯಾಗುತ್ತೆ. ಅದರ ಇನ್ನೊಂದು ತುದಿ ಮಯಾಮಿ. ದಾರಿಯುದ್ದಕ್ಕೂ ನನಗೆ ಫೋಟೋ ಬರಲಿಲ್ಲ, ಬರೀ ಸಂಖ್ಯೆಗಳು ಬರ್ತಿದ್ದವು. ಟೆಂಪರೇಚರ್ 195 ಫ್ಯಾರನ್‌ಹೀಟ್. ಆಯಿಲ್ ಪ್ರೆಷರ್ 40. ಹೋಗುವಾಗ ಗ್ಯಾಲನ್ನಿಗೆ 20 ಮೈಲಿ, ಬರುವಾಗ 21. ಹಳೆ ಎಂಜಿನ್ ಒಳ್ಳೆ ಸ್ಥಿತಿಯಲ್ಲಿದ್ದಾಗಲೂ 14 ದಾಟಿರಲಿಲ್ಲವಂತೆ. ಫೋಟೋ ಬಂದದ್ದು ಆಕೆಯಿಂದ. ಎಸಿ ಜೋರಾಯ್ತು ಅಂತ ಕಾರಿನೊಳಗೆ ಕಂಬಳಿ ಹೊದ್ದು ಕೂತಿದ್ದರು.

ಒಂದು ಕೆಲಸ ಬಾಕಿ ಇದೆ. ಹೊಸ ಗೇರ್ ಬಾಕ್ಸಿಗೆ ಕೇಬಲ್ ಇಲ್ಲ, ಹಳೆ ಸ್ಪೀಡೋಮೀಟರಿಗೆ ಕೇಬಲ್ಲೇ ಬೇಕು. ನಡುವೆ ಸಿಗ್ನಲ್ಲನ್ನು ತಿರುಗುವ ಕೇಬಲ್ ಆಗಿ ಮಾಡುವ ಒಂದು ಪೆಟ್ಟಿಗೆ ಹಾಕಿದ್ದೇವೆ. ಅದು ನಾಲ್ಕು ಮೈಲಿ ಜಾಸ್ತಿ ತೋರಿಸುತ್ತೆ. ಸ್ಕ್ರೂಡ್ರೈವರಿನಿಂದ ಹತ್ತು ನಿಮಿಷದಲ್ಲಿ ಸರಿಹೋಗುತ್ತೆ ಅಂತ ಎರಡು ಸಲ ಹೇಳಿದೆ. ಆಕೆ ಬೇಡ ಅಂದಿದ್ದಾರೆ. ಆ ನಾಲ್ಕು ಮೈಲಿಯಿಂದಾಗಿ ಯಜಮಾನರು ನಿಧಾನ ಓಡಿಸ್ತಾರಂತೆ.